ಚೀಟಿಯಲ್ಲಿ ಬಂದ ಪಕ್ಷ

ನಮ್ಮ ಕೂಟದಲ್ಲಿ ಸ್ವಂತ ಅಭಿಪ್ರಾಯ ಹೇಳುವ ಹಾಗಿರಲಿಲ್ಲ. ಈ ಮಾತನ್ನು ಈಗಿನವರ ಹತ್ತಿರ ಹೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ಅಭಿಪ್ರಾಯ ಹೇಳಬಾರದು ಎಂದಾದರೆ ಚರ್ಚೆ ಯಾಕೆ ಎಂದು ಕೇಳುತ್ತಾರೆ. ಅಭಿಪ್ರಾಯ ಯಾರ ಹತ್ತಿರ ಇಲ್ಲ ಸ್ವಾಮಿ? ಬಸ್ಸಿನಲ್ಲಿ ಸೀಟು ಸಿಕ್ಕಿದವನಿಗೂ ಒಂದಿದೆ, ಬಾಗಿಲಲ್ಲಿ ನೇತಾಡುವವನಿಗೂ ಒಂದಿದೆ. ಅದನ್ನು ಕೇಳಲಿಕ್ಕೆಂದು ಬಂಟ್ವಾಳದಿಂದಲೂ ಬೆಳ್ತಂಗಡಿ ಕಡೆಯಿಂದಲೂ ಜನ ಧೂಳು ಕುಡಿದುಕೊಂಡು ತಿಂಗಳಿಗೆ ಎರಡು ಆದಿತ್ಯವಾರ ಬೆಳುವಾಯಿಗೆ ಬರುತ್ತಿರಲಿಲ್ಲ.

ಕೂಟ ಸೇರುತ್ತಿದ್ದದ್ದು ಬೆಳುವಾಯಿಯ ಒಂದು ಜೈನ ಮನೆಯ ಚಾವಡಿಯಲ್ಲಿ. ಊರಿನ ಗದ್ದೆಗಳಲ್ಲಿ ಹೆಚ್ಚಿನವು ಆ ಮನೆಗೆ ಸೇರಿದ್ದವು. ಅಳಿಯಕಟ್ಟಿನ ಮನೆಯಾದ್ದರಿಂದ ಆಸ್ತಿಯೆಲ್ಲ ಅಕ್ಕನಿಗೂ ಅವರ ಮಕ್ಕಳಿಗೂ ಸೇರಿದ್ದು. ತಮ್ಮ ಅದನ್ನು ನೋಡಿಕೊಳ್ಳುವ ಯಜಮಾನರು. ಆ ತಮ್ಮನನ್ನೇ ಊರೆಲ್ಲ ಧಣಿಗಳು ಎನ್ನುತ್ತಿದ್ದದ್ದು. ತೆಳ್ಳಗಿನ ಮನುಷ್ಯ, ಮೆಲ್ಲಗಿನ ಮಾತು, ಮನೆಯಲ್ಲಿ ಮೂರು ಕಪಾಟು ಪುಸ್ತಕ. ನನ್ನ ಅಪ್ಪ ಅವರ ಒಕ್ಕಲು. ಮನೆಯ ಕೆಳಗಿನ ಬೈಲುಗದ್ದೆಯನ್ನು ನಾನು ಹುಟ್ಟುವ ಮೊದಲಿನಿಂದ ಗೇಣಿಗೆ ಮಾಡುತ್ತಿದ್ದರು.

ನಾನು ಹೈಸ್ಕೂಲು ಓದಿದ್ದು ಧಣಿಗಳ ದಯೆಯಿಂದ. ಅವರ ಮನೆಯ ಮಾಳಿಗೆಯಲ್ಲಿ ಓದುತ್ತಿದ್ದೆ, ಅವರ ಕಪಾಟಿನ ಪುಸ್ತಕಗಳನ್ನು ತಿನ್ನುತ್ತಿದ್ದೆ. ಮುಂದೆ ಮೂಡುಬಿದಿರೆಯ ಶಾಲೆಯೊಂದರಲ್ಲಿ ಕನ್ನಡ ಮಾಸ್ಟ್ರಾದೆ. ಅದೇ ವಾರ ಧಣಿಗಳು ನನ್ನನ್ನು ‘ನೀವು’ ಎಂದು ಕರೆಯತೊಡಗಿದರು, ಚಾವಡಿಯ ಚಾಪೆಯ ಮೇಲೆ ಕೂರಿಸಿದರು. ಅಪ್ಪ ಮಾತ್ರ ಬಂದಾಗೆಲ್ಲ ಅಂಗಳದಲ್ಲೇ ನಿಲ್ಲುತ್ತಿದ್ದರು. ಇಬ್ಬರೂ ಒಟ್ಟಿಗೆ ಹೋದ ದಿನ ನಾನು ಮೆಟ್ಟಿಲು ಹತ್ತುವಾಗ ಬೆನ್ನಿಗೆ ಒಂದು ತರಹ ಆಗುತ್ತಿತ್ತು. ಆದರೂ ಹತ್ತುತ್ತಿದ್ದೆ.

ಚೀಟಿಯ ಕ್ರಮ ಧಣಿಗಳದೇ. ಅದನ್ನು ಅವರು ತಾಳಮದ್ದಳೆಯಿಂದ ತೆಗೆದುಕೊಂಡಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಅರ್ಥ ಹೇಳುವವರು ಎದುರುಬದುರು ಕುಳಿತು ಮಾತಿನಲ್ಲೇ ಯುದ್ಧ ಮಾಡುವ ಆಟ ಅದು. ಈ ವಾರ ಖಳನಾದವನು ಮುಂದಿನ ವಾರ ನಾಯಕ. ಎರಡಕ್ಕೂ ಅಷ್ಟೇ ನ್ಯಾಯ ಕೊಡಬೇಕು. “ರಾಜಕೀಯ ಮಾತಾಡುವವರಿಗೂ ಇದೇ ಆಗಬೇಕು ನೋಡಿ,” ಎನ್ನುತ್ತಿದ್ದರು ಧಣಿಗಳು. “ಎದುರಿನವನ ಕಡೆಯಿಂದ ಒಂದು ಗಂಟೆ ಮಾತಾಡಲಿಕ್ಕೆ ಆಗದವನಿಗೆ ತನ್ನ ಕಡೆಯದ್ದೂ ಸರಿ ಗೊತ್ತಿಲ್ಲ ಅಂತ ಲೆಕ್ಕ.” ಹಾಗಾಗಿ ವಿಷಯ ಗೊತ್ತಾದ ಮೇಲೆ ಎರಡು ಚೀಟಿ ಬರೆದು ಹಿತ್ತಾಳೆಯ ಚೆಂಬಿಗೆ ಹಾಕುವುದು. ಧಣಿಗಳ ಅಕ್ಕ ಒಳಬಾಗಿಲಿನಿಂದ ಚೆಂಬು ಚಾಚುವುದು. ಯಾವ ಪಕ್ಷ ಬಂತೋ ಅದಕ್ಕೆ ಮೋಸ ಮಾಡಬಾರದು. ಮಾತಿನ ನಡುವೆ ‘ನನ್ನ ಮಟ್ಟಿಗೆ ಹೇಳುವುದಾದರೆ’ ಎಂದವನಿಗೆ ಆ ದಿನ ಬಾಳೆಹಣ್ಣಿನ ಮುಳ್ಕ ಇಲ್ಲ. ಆ ಮನೆಯ ಮುಳ್ಕ ತಿಂದವರಿಗೆ ಗೊತ್ತು, ಅದು ಸಣ್ಣ ಶಿಕ್ಷೆ ಅಲ್ಲ.

ಇನ್ನೊಂದು ನಿಯಮ, ಕನ್ನಡದಲ್ಲೇ ಮಾತಾಡಬೇಕು ಎಂದು. ನಮ್ಮಲ್ಲಿ ಒಬ್ಬರ ಮನೆಯ ಅಡಿಗೆಕೋಣೆಯಲ್ಲೂ ಕನ್ನಡ ಇರಲಿಲ್ಲ. ಧಣಿಗಳದ್ದೂ ನನ್ನದೂ ತುಳು. ಬಂಟ್ವಾಳದ ವಕೀಲರದ್ದು ಕೊಂಕಣಿ. ಲಾಯಿಲದಿಂದ ಬರುತ್ತಿದ್ದ ನಿವೃತ್ತ ಗುಮಾಸ್ತರದ್ದು ತುಳುವೇ. ಕನ್ನಡ ಎಂದರೆ ನಮಗೆ ಶಾಲೆಯದ್ದು, ಕಛೇರಿಯದ್ದು, ತಾಳಮದ್ದಳೆಯದ್ದು. ಒಗೆದ ಅಂಗಿ ಹಾಕಿಕೊಂಡವರ ಹಾಗೆ ಸ್ವಲ್ಪ ನೆಟ್ಟಗೆ ಕುಳಿತೇ ಅದನ್ನು ಆಡುತ್ತಿದ್ದೆವು.

ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲು ಊಟ ಆಗಬೇಕು. ಅದಕ್ಕೇ ಕೂಟ ಮಧ್ಯಾಹ್ನ ಎರಡಕ್ಕೆ ಶುರುವಾಗಿ ಐದಕ್ಕೆಲ್ಲ ಮುಗಿಯುತ್ತಿತ್ತು. ಗೆದ್ದವರು ಯಾರೆಂದು ತೀರ್ಮಾನ ಮಾಡುತ್ತಿದ್ದದ್ದು ಒಳಗೆ ಕುಳಿತು ಕೇಳುತ್ತಿದ್ದ ಅಕ್ಕ. ಅವರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಮೊದಲ ಲೋಟ ಕಾಫಿ ಯಾರ ಕೈಗೆ ಬಂತೋ ಅವರು ಗೆದ್ದ ಹಾಗೆ. ಅದರ ಮೇಲೆ ಅಪೀಲು ಇಲ್ಲ ಎಂದು ವಕೀಲರೇ ಒಪ್ಪಿದ್ದರು.

ಎಷ್ಟು ಚಂದದ ಆದಿತ್ಯವಾರಗಳು! ನಮ್ಮ ಜಿಲ್ಲೆ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ ಆದ ಕೂಟ ಈಗಲೂ ಕಿವಿಯಲ್ಲಿದೆ. ಲಾಯಿಲದ ಗುಮಾಸ್ತರು ಮದ್ರಾಸಿನ ಆಡಳಿತವನ್ನು ದೇವರಂತೆ ನಂಬಿದವರು. ಫೈಲು ಕಟ್ಟುವ ಕೆಂಪು ದಾರ ಕೂಡ ಆ ಕಾಲದ್ದೇ ಗಟ್ಟಿ ಎನ್ನುವ ಪೈಕಿ. ಅವರ ಹಣೆಬರಹಕ್ಕೆ ಚೀಟಿಯಲ್ಲಿ ಮೈಸೂರು ಬಂತು. ಮೊದಲ ಹತ್ತು ನಿಮಿಷ ಬೇವಿನಕಾಯಿ ಜಗಿದ ಹಾಗೆ ಮಾತಾಡಿದರು. ಮತ್ತೆ ಏನಾಯಿತೋ, ಒಂದೇ ನುಡಿಯವರು ನಾಲ್ಕೈದು ಸರಕಾರದ ಬಾಗಿಲು ಕಾಯುವ ಸಂಕಟವನ್ನು ವರ್ಣಿಸುತ್ತಾ ಹೋಗಿ, ಕೊನೆಗೆ ಅವರ ಕಣ್ಣಲ್ಲೇ ನೀರು. ಮೊದಲ ಲೋಟ ಅವರಿಗೇ ಬಂತು. ಬಸ್ಸಿಗೆ ಹೋಗುವಾಗ ನನ್ನ ಕಿವಿಯಲ್ಲಿ, “ಮಾಸ್ಟ್ರೇ, ನಾನು ಹೇಳಿದ್ದು ನಿಜವಾ ಹಾಗಾದರೆ?” ಎಂದು ಕೇಳಿದರು.

ಇನ್ನೊಮ್ಮೆ ಹಳೆಯ ಬಸದಿಗಳ ಕಂಬ, ಶಿಲ್ಪ ಯಾರಿಗೆ ಸೇರಿದ್ದು, ಪೂಜೆ ಮಾಡುವವರಿಗೋ ಸರಕಾರಕ್ಕೋ ಎಂಬ ವಿಷಯ. ಧಣಿಗಳಿಗೆ ಸರಕಾರದ ಪಕ್ಷ ಬಂದಿತ್ತು. ತಮ್ಮದೇ ಅಜ್ಜಂದಿರು ಕಟ್ಟಿಸಿದ್ದನ್ನು ತಾವೇ ಬಿಟ್ಟುಕೊಡುವಂತೆ ವಾದಿಸಿ ಗೆದ್ದರು. ಮತ್ತೊಮ್ಮೆ, ಸರಕಾರ ಕಲಾವಿದನಿಗೆ ಶಾಲು ಹೊದೆಸಿದರೆ ಅವನ ನಾಲಿಗೆಗೆ ಏನಾಗುತ್ತದೆ ಎಂದು. ಶಾಲು ಹೆಗಲಿಗೆ ಮಾತ್ರ ಎಂದು ವಕೀಲರು, ಅದು ಇಳಿದು ಬಾಯಿಗೂ ಬರುತ್ತದೆ ಎಂದು ನಾನು. ಆ ದಿನ ನಾನೇ ಗೆದ್ದೆ. ಗೆಲ್ಲುವುದು ನನಗೆ ಅಭ್ಯಾಸವಾಗುತ್ತಾ ಬಂದಿತ್ತು. ಹೇಳಿಕೊಳ್ಳಲಿಕ್ಕೆ ನಾಚಿಕೆಯೇನಿಲ್ಲ, ನನಗೆ ಅಹಂಕಾರ ಇತ್ತು.

ಅರವತ್ತರ ದಶಕ ಶುರುವಾದ ಮೇಲೆ ಬೆಂಗಳೂರಿನಿಂದ ಒಂದು ಸುದ್ದಿ ಊರೂರಿಗೆ ಹಬ್ಬಿತು. ಗೇಣಿಯ ಕಾನೂನು ಬರುತ್ತದಂತೆ, ಉಳುವವನನ್ನು ಇನ್ನು ಗದ್ದೆಯಿಂದ ಎಬ್ಬಿಸಲಿಕ್ಕೆ ಆಗುವುದಿಲ್ಲವಂತೆ. ಸುದ್ದಿ ಬಂದದ್ದೇ ತಡ, ದೊಡ್ಡ ಮನೆಗಳವರು ಹೆದರಿ ಒಕ್ಕಲುಗಳಿಂದ ಕಾಗದ ಬರೆಸಿಕೊಳ್ಳತೊಡಗಿದರು. ‘ಈ ಗದ್ದೆಯನ್ನು ನಾನು ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ’ ಎಂಬ ಕಾಗದ. ಅದಕ್ಕೆ ರುಜು ಹಾಕಿದರೆ ನಾಳೆಯಿಂದ ಅದೇ ಗದ್ದೆಯಲ್ಲಿ ಅವನು ಕೂಲಿಯಾಳು. ನಮ್ಮ ಧಣಿಗಳಿಗೆ ಮನಸ್ಸಿರಲಿಲ್ಲ ಎಂದೇ ನಾನು ಈಗಲೂ ನಂಬುತ್ತೇನೆ. ಆದರೆ ಅಕ್ಕನ ಮಕ್ಕಳು ಬಿಡಲಿಲ್ಲ. ಬಂಟ್ವಾಳದ ವಕೀಲರೇ ಕಾಗದ ಬರೆದರು. ಮಳೆಗಾಲದ ಬೆಳೆಯಾದ ಏಣೆಲಿನ ಕೊಯ್ಲು ಮುಗಿದ ಮೇಲಿನ ಸೋಮವಾರ ರುಜು ಎಂದು ಗೊತ್ತಾಯಿತು.

ಅಪ್ಪ ಒಪ್ಪಿದ್ದರು. ನಾನು ಕೂಗಾಡಿದೆ. “ಗದ್ದೆ ಅವರದ್ದು,” ಎಂದರು ಅಪ್ಪ. “ಕೇಳಿದ್ದಾರೆ, ಕೊಡುವುದು. ನಿನಗೆ ಅಕ್ಷರ ಕೊಟ್ಟ ಮನೆ ಅದು. ಆ ಮನೆಯ ಎದುರು ನಿಂತು ಇಲ್ಲ ಅಂತ ಹೇಳಲಿಕ್ಕೆ ನನಗೆ ನಾಲಿಗೆ ಇಲ್ಲ ಮಗಾ.” ನನಗಿತ್ತೇ? ನನಗೂ ಇರಲಿಲ್ಲ. ಅವರ ಅನ್ನ ಉಂಡ ಬಾಯಿ ಅದು. ನೇರವಾಗಿ ಹೋಗಿ ‘ಧಣಿಗಳೇ, ಇದು ಅನ್ಯಾಯ’ ಎನ್ನುವ ಧೈರ್ಯ ಇಲ್ಲದ್ದಕ್ಕೆ ಒಂದು ಉಪಾಯ ಹುಡುಕಿದೆ. ಸೋಮವಾರದ ಮೊದಲಿನ ಆದಿತ್ಯವಾರ ಕೂಟ ಇತ್ತು. ‘ಉಳುವವನಿಗೆ ನೆಲ ಕೊಡಿಸುವುದು ಸರಕಾರದ ಕೆಲಸವೇ?’ ಎಂಬ ವಿಷಯ ನಾನೇ ಸೂಚಿಸಿದೆ. ವಕೀಲರು ಕೆಮ್ಮಿದರು. ಧಣಿಗಳು ನಕ್ಕು, “ಆಗಲಿ, ಒಳ್ಳೆಯ ವಿಷಯ. ನೀವು, ನಾನು,” ಎಂದರು.

ವಾರವಿಡೀ ತಯಾರಿ ನಡೆಸಿದೆ. ಉಳುವವನ ಪಕ್ಷ ನನಗೇ ಬರುತ್ತದೆ ಎಂದು ಅದು ಹೇಗೆ ನಂಬಿದ್ದೆನೋ ದೇವರಿಗೇ ಗೊತ್ತು. ಧಣಿಗಳು ಏನು ಹೇಳಬಹುದು ಎಂದು ಊಹಿಸಿ ಅವರ ವಾದವನ್ನೂ ಪೂರ್ತಿ ಕಟ್ಟಿಟ್ಟುಕೊಂಡೆ, ಒಂದೊಂದಾಗಿ ಮುರಿಯಲಿಕ್ಕೆ. ಶನಿವಾರ ಧಣಿಗಳು ದಾರಿಯಲ್ಲಿ ಸಿಕ್ಕಿದ ಅಪ್ಪನಿಗೆ, “ನಾಳೆ ನಿನ್ನ ಮಗನ ಮಾತು ಉಂಟು. ಬಂದು ಕೇಳು ಮಾರಾಯ, ನಾಡಿದ್ದು ಹೇಗೂ ಬರಲಿಕ್ಕೆ ಉಂಟಲ್ಲ,” ಎಂದರಂತೆ. ಅವರು ಅದನ್ನು ಹೇಳಿದ್ದು ಹೆಮ್ಮೆಯಿಂದಲೇ.

ಆದಿತ್ಯವಾರ ಅಪ್ಪ ಒಗೆದ ಮುಂಡು ಉಟ್ಟು ಬಂದು ಅಂಗಳದ ಚಪ್ಪರದ ಕೆಳಗೆ, ತೆಂಗಿನ ಮಡಲಿನ ಮೇಲೆ ಕುಳಿತರು. ಅಕ್ಕ ಚೆಂಬು ಚಾಚಿದರು. ನಾನು ಕೈ ಹಾಕಿದೆ. ಚೀಟಿ ಬಿಡಿಸಿದರೆ ‘ಅಲ್ಲ’ ಎಂದಿತ್ತು. ನೆಲ ಕೊಡಿಸುವುದು ಸರಕಾರದ ಕೆಲಸ ಅಲ್ಲ. ಧಣಿಯ ಪಕ್ಷ ನನ್ನದು, ಒಕ್ಕಲಿನ ಪಕ್ಷ ಧಣಿಗಳದ್ದು.

ಆಗ ನಾನು ಏನು ಮಾಡಬಹುದಿತ್ತು? ಹೊಟ್ಟೆನೋವು ಎನ್ನಬಹುದಿತ್ತು. ಬೇಕೆಂದೇ ಸೋಲಬಹುದಿತ್ತು. ಬೇರೊಬ್ಬರಿಗೆ ಬಿಟ್ಟುಕೊಡುತ್ತೇನೆ ಎಂದಿದ್ದರೆ ಧಣಿಗಳು ಖಂಡಿತ ಒಪ್ಪುತ್ತಿದ್ದರು. ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಆ ಕ್ಷಣಕ್ಕೆ ಹೊಳೆದದ್ದು ಒಂದೇ: ಧಣಿಯ ಪಕ್ಷದ ವಾದ ಪೂರ್ತಿ ನನ್ನ ಹತ್ತಿರ ತಯಾರಿದೆ.

ನಾನು ಮಾತಾಡಿದೆ. ಎಂಥ ಮಾತು! ಸರಕಾರಕ್ಕೆ ಮುಖವಿಲ್ಲ ಎಂದೆ. ಸರಕಾರಕ್ಕೆ ಸರ್ವೆ ನಂಬ್ರ ಗೊತ್ತು, ಧಣಿಗೆ ಒಕ್ಕಲಿನ ಮಗುವಿನ ಹೆಸರು ಗೊತ್ತು ಎಂದೆ. ಕಾಗದದ ಮೇಲೆ ಹಕ್ಕು ಕೊಟ್ಟು ನೂರು ವರ್ಷದ ಪ್ರೀತಿಯನ್ನು ಕಿತ್ತುಕೊಳ್ಳುವ ಕಾನೂನು ಯಾರಿಗೆ ಬೇಕು ಎಂದೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಎದುರಿಗಿದ್ದವರು ತೊಡೆ ತಟ್ಟಿ ‘ಭಲೇ’ ಎಂದದ್ದು ತಲೆಗೇರಿತು. ಎದೆ ಮುಟ್ಟಿಕೊಂಡು, “ಒಕ್ಕಲಿನ ಮಗನೊಬ್ಬ ಇಂದು ಈ ಚಾವಡಿಯಲ್ಲಿ ಕುಳಿತು ವಾದಿಸುತ್ತಿದ್ದರೆ ಅದು ಯಾವ ಕಾನೂನಿನಿಂದ? ಸರಕಾರ ಅವನ ತಂದೆಗೆ ಎಷ್ಟು ನೆಲ ಕೊಟ್ಟರೂ ಅವನಿಗೆ ಈ ನಾಲಿಗೆ ಕೊಡುತ್ತಿತ್ತೇ?” ಎಂದು ಕೇಳಿದೆ. ಅಂಗಳದ ಕಡೆ ನೋಡಲಿಲ್ಲ.

ಧಣಿಗಳ ಸರದಿ ಬಂತು. ಅವರು ಯಾವಾಗಲೂ ಮೆಲ್ಲಗೆ ಶುರು ಮಾಡುವವರು. “ಒಕ್ಕಲಿನ ಕಷ್ಟ ಧಣಿಗೆ ತಿಳಿಯದು, ಆದ್ದರಿಂದ ಸರಕಾರ ಬರಬೇಕು ಎನ್ನುತ್ತಾರೆ. ಇದು ತಪ್ಪು. ಧಣಿಗೆ ತಿಳಿದಿದೆ. ತಿಳಿದೂ ಸುಮ್ಮನಿದ್ದಾನೆ, ಆದ್ದರಿಂದ ಸರಕಾರ ಬರಬೇಕು,” ಎಂದರು. “ಆಟಿ ತಿಂಗಳ ಜಡಿಮಳೆಯಲ್ಲಿ ಅವನ ಮನೆಯಲ್ಲಿ ಗಂಜಿಗೆ ಅಕ್ಕಿ ಮುಗಿಯುತ್ತದೆ. ಯಾವ ವಾರ ಮುಗಿಯುತ್ತದೆ ಎಂಬುದೂ ಧಣಿಗೆ ಗೊತ್ತು. ಆ ದಿನಗಳಲ್ಲಿ ಅವನ ಹೆಂಡತಿ ಧಣಿಯ ಅಂಗಳಕ್ಕೆ ಬರುವುದಿಲ್ಲ. ಬಂದರೆ ಕೇಳಲಿಕ್ಕೆ ಬಂದ ಹಾಗೆ ಕಾಣುತ್ತದೆ ಎಂಬ ಮರ್ಯಾದೆ. ಅದೂ ಗೊತ್ತು. ಕೆಸರಿನ ಹೊಂಡವಾಗಿದ್ದ ಬೈಲಿಗೆ ಕಲ್ಲು ಹೊತ್ತು ಸುತ್ತ ಹುಣಿ ಕಟ್ಟಿ ಗದ್ದೆ ಮಾಡಿದವನು ಅವನು. ಆ ಕಲ್ಲಿಗೆ ಅವನ ಸೊಂಟ ಹೋಯಿತು. ಅದೂ ಗೊತ್ತು. ಮೂವತ್ತು ವರ್ಷ ಅವನು ಅಂಗಳದಲ್ಲಿ ನಿಂತು ಮಾತಾಡಿದ್ದಾನೆ. ಮಳೆ ಬಂದ ದಿನವೂ—”

ಅಲ್ಲಿಗೆ ಅವರ ಮಾತು ನಿಂತಿತು. ಕಣ್ಣು ಅಂಗಳದಲ್ಲಿತ್ತು. ನೀರು ಕುಡಿದರು. “ಮಳೆ ಬಂದ ದಿನವೂ,” ಎಂದು ಮತ್ತೊಮ್ಮೆ ಶುರು ಮಾಡಿದರು. ಮುಂದೆ ಬರಲಿಲ್ಲ. “ನನ್ನದು ಇಷ್ಟೇ,” ಎಂದು ಕೈಮುಗಿದು ಕುಳಿತುಬಿಟ್ಟರು. ಅಷ್ಟು ವರ್ಷಗಳಲ್ಲಿ ಅವರು ಮಾತನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಮಾತು ಅರ್ಧಕ್ಕೆ ಬಿಟ್ಟವನು ಸೋತ ಹಾಗೆ, ಅದು ಕೂಟದ ಕ್ರಮ. ಒಳಗಿನಿಂದ ಕಾಫಿ ಬರಲಿಕ್ಕೆ ಆ ದಿನ ಬಹಳ ತಡವಾಯಿತು. ಕೊನೆಗೂ ಮೊದಲ ಲೋಟ ನನ್ನ ಕೈಗೆ ಬಂತು. ನಾನದನ್ನು ಕುಡಿದೆ. ಹೊರಗೆ ಬಂದಾಗ ಅಪ್ಪ ಹೋಗಿಯಾಗಿತ್ತು.

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ರಜೆ ಹಾಕಿ ಅಪ್ಪನ ಜೊತೆ ಹೋದೆ. ಜಗಲಿಯಲ್ಲಿ ಧಣಿಗಳು, ವಕೀಲರು, ಮಣೆಯ ಮೇಲೆ ಕಾಗದ. ನಾನು ಅಂದು ಮೆಟ್ಟಿಲು ಹತ್ತಲಿಲ್ಲ. “ಬಾ ಮಾರಾಯ, ಒಂದು ರುಜು,” ಎಂದು ಧಣಿಗಳು ತುಳುವಿನಲ್ಲಿ ಕರೆದರು.

ಅಪ್ಪ ಉತ್ತರ ಕೊಟ್ಟದ್ದು ಕನ್ನಡದಲ್ಲಿ. ನನ್ನ ಜನ್ಮದಲ್ಲಿ ಅಪ್ಪ ಕನ್ನಡ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಶಾಲೆ ಎರಡನೇ ಕ್ಲಾಸಿಗೇ ಮುಗಿದಿತ್ತು. ಆದರೆ ಐದಾರು ಹಳ್ಳಿಯ ತಾಳಮದ್ದಳೆ ಕೇಳಿದ ಕಿವಿ ಅದು. ಆ ಕನ್ನಡ ಅಷ್ಟು ಕಾಲ ಎಲ್ಲಿ ಕುಳಿತಿತ್ತೋ!

“ಧಣಿಗಳೇ, ನಿನ್ನೆ ತಾವು ಆಡಿದ ಮಾತನ್ನು ಕೇಳಿದ್ದೇನೆ. ರುಜು ಹಾಕಲಾರೆ.”

ಧಣಿಗಳು ಬೆಚ್ಚಿದರು. ಅವರೂ ಗೊತ್ತಿಲ್ಲದೆ ಕನ್ನಡಕ್ಕೆ ಹೊರಳಿದರು. “ಅದು ಚೀಟಿಯ ಮಾತಲ್ಲವಾ? ನನ್ನ ಸ್ವಂತದ್ದು ಅಂತ ಎಣಿಸಿದೆಯಾ?”

“ಹಾಗೆ ಎಣಿಸಲಿಲ್ಲ. ಪಾತ್ರದ ಮಾತು ಪಾತ್ರಕ್ಕೆ. ಅಷ್ಟು ನಾನೂ ಬಲ್ಲೆ. ಆದರೆ ನಮ್ಮಲ್ಲಿ ಅಕ್ಕಿ ಮುಗಿಯುವ ವಾರ ತಮಗೆ ಗೊತ್ತಿರುವುದು ಪಾತ್ರಕ್ಕೆ ಸೇರಿದ್ದಲ್ಲ.” ಅಪ್ಪನ ಸ್ವರ ಏರಲಿಲ್ಲ. “ಇಷ್ಟು ವರ್ಷ ತಮಗೆ ತಿಳಿಯದು ಎಂದುಕೊಂಡಿದ್ದೆ. ತಿಳಿಯದವರ ಮೇಲೆ ಸಿಟ್ಟು ಮಾಡುವುದುಂಟೇ? ಹಾಗಾಗಿ ಗದ್ದೆ ಬಿಡಲಿಕ್ಕೂ ಒಪ್ಪಿದ್ದೆ. ತಿಳಿದಿತ್ತು ಎಂದಾದ ಮೇಲೆ ನನ್ನಿಂದಾಗದು.”

ವಕೀಲರು ಏನೋ ಹೇಳಲು ಬಾಯಿ ತೆರೆದರು. ಧಣಿಗಳು ಕೈಯೆತ್ತಿ ತಡೆದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ವಕೀಲರ ಕೈಯಲ್ಲಿಟ್ಟು, “ಬೇಡ, ತೆಗೆದುಕೊಂಡು ಹೋಗಿ,” ಎಂದರು. ಅಕ್ಕನ ಮಕ್ಕಳ ಜೊತೆ ಆಮೇಲೆ ಎಷ್ಟು ಜಗಳವಾಯಿತೋ ನಮಗೆ ತಿಳಿಯಲಿಲ್ಲ. ಆ ಕಾಗದದ ಸುದ್ದಿ ಮತ್ತೆ ಎತ್ತಲಿಲ್ಲ ಎನ್ನುವುದು ಧಣಿಗಳ ದೊಡ್ಡತನ. ಮುಂದೆ ಕಾನೂನು ಬಂದು ಗದ್ದೆ ಅಪ್ಪನ ಹೆಸರಿಗೇ ಆಯಿತು.

ಕೂಟ ಮಾತ್ರ ಉಳಿಯಲಿಲ್ಲ. ಮುಂದಿನ ಸಲ ಧಣಿಗಳು ಚೆಂಬು ತರಿಸಲಿಲ್ಲ. “ಇನ್ನು ಚೀಟಿ ಬೇಡ, ಅವರವರಿಗೆ ಕಂಡದ್ದನ್ನು ಅವರವರು ಹೇಳುವ,” ಎಂದರು. ಹೇಳಿದೆವು. ಗುಮಾಸ್ತರು ಮದ್ರಾಸನ್ನು ಹೊಗಳಿದರು, ವಕೀಲರು ಕಾನೂನನ್ನು ಬೈದರು, ನಾನು ಇಬ್ಬರನ್ನೂ ತಿದ್ದಿದೆ. ಯಾರು ಏನು ಹೇಳುತ್ತಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಮೂರನೆಯ ಸಲಕ್ಕೆ ನಾಲ್ಕೇ ಜನ. ನಾಲ್ಕನೆಯ ಸಲ ನಾನೇ ಹೋಗಲಿಲ್ಲ. ಈಗ ಎಲ್ಲಿ ನೋಡಿದರೂ ಅಂಥದ್ದೇ ಕೂಟ. ಎಲ್ಲರೂ ಅವರವರದ್ದನ್ನೇ ಕಿರುಚುತ್ತಾರೆ. ಅದನ್ನು ಕಂಡಾಗಲೆಲ್ಲ ಆ ಚಾವಡಿಯ ತಂಪು ನೆಲ, ಒಳಬಾಗಿಲಿನ ಬಳೆಯ ಸದ್ದು, ತನಗೆ ಬೇಡದ ಪಕ್ಷಕ್ಕೆ ತಲೆಬಾಗಿ ಬೆವರುತ್ತಿದ್ದ ಗುಮಾಸ್ತರ ಮುಖ ನೆನಪಾಗುತ್ತವೆ. ಧಣಿಗಳಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ.

ಇಷ್ಟೆಲ್ಲ ಆದರೂ ಅಪ್ಪ ನನ್ನ ಮಾತಿನ ಬಗ್ಗೆ ಒಂದಕ್ಷರ ಹೇಳಿರಲಿಲ್ಲ. ಬೈದಿದ್ದರೆ ಸುಖವಿತ್ತು. ಮಳೆ ಹಿಡಿದು ಮತ್ತೆ ಏಣೆಲಿನ ಕೆಲಸ ಶುರುವಾದಾಗ ಒಂದು ದಿನ ನಾಟಿಗೆ ಕಿತ್ತ ನೇಜಿಯ ಕಟ್ಟು ಹೊತ್ತು ಗದ್ದೆಗೆ ಹೋದೆ. ಅಪ್ಪ ಹುಣಿಯ ಕಂಡಿಗೆ ಕೆಸರು ಮೆತ್ತುತ್ತಿದ್ದರು. ಇನ್ನು ತಡೆಯಲಾಗದೆ ಕೇಳಿಯೇಬಿಟ್ಟೆ. “ಅಪ್ಪ, ಆ ದಿನ ನಾನು ಹೇಳಿದ್ದು ನಿಮಗೆ ನೋವಾಯಿತಾ? ಅದು ಚೀಟಿಯಲ್ಲಿ ಬಂದ ಪಕ್ಷ. ನನ್ನ ಮನಸ್ಸಿನದ್ದಲ್ಲ.”

ಅಪ್ಪ ಕೈಯ ಕೆಸರನ್ನು ನೀರಿನಲ್ಲಿ ತೊಳೆದರು. ಅವಸರ ಇರಲಿಲ್ಲ.

“ಚೀಟಿಯಲ್ಲಿ ಬಂದದ್ದು ಅಂತ ಗೊತ್ತುಂಟು ಮಗಾ,” ಎಂದರು. “ಧಣಿಗಳಿಗೂ ಅದು ಚೀಟಿಯಲ್ಲೇ ಬಂದದ್ದು. ಅವರಿಗೆ ನನ್ನ ಮುಖ ನೋಡಿ ಮಾತು ಕಟ್ಟಿಹೋಯಿತು. ನೀನು ಎಲ್ಲಿಯೂ ತಡವರಿಸಲೇ ಇಲ್ಲ.”